ದಾವಣಗೆರೆಯ ಕಂಬಳಿಯೂ ಕಂಬಲಶಬ್ದವೂ

ದೇಶಚರಿತ್ರೆಯನ್ನು ಬರೆಯತಕ್ಕವರು ದೇವಾಲಯ, ಶಾಸನ, ನಾಣ್ಯ, ಕಾವ್ಯ ಇವುಗಳನ್ನೇ ಆಧಾರವಾಗಿ ಹಿಡಿಯುವುದು ಸಹಜವಾಗಿದೆ. ಉಳಿದು ಬಂದಿರುವುವು ಅವೇ ಅಲ್ಲವೆ? ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನೆಂಬುದು ಶಾಸನದಿಂದ ತಿಳಿದುಬರುತ್ತದೆ. ಆ ಕಂಬಗಳ ನುಣುಪು ಇಂದಿಗೂ ಕಣ್ಣಿಗೆ ಕಾಣುತ್ತದೆ. ಆದರೆ ಆಷಾಢದ ಜಡಿಮಳೆಯಲ್ಲಿ ತುಂಗಭದ್ರೆಯ ದಡವನ್ನು ಹಿಡಿದು ಆ ದೇವರ ದರ್ಶನಕ್ಕೆ ನಡೆದುಬಂದ ಜನರು ತಲೆಯ ಮೇಲೆ ಏನನ್ನು ಹೊದ್ದಿದ್ದರು, ಅದು ಎಂಥದು, ಅದರಲ್ಲಿ ಉತ್ತಮಮಧ್ಯಮಾಧಮ ಭೇದಗಳು ಹೇಗಿದ್ದುವು ಎಂದು ಕೇಳಿದರೆ ಕಲ್ಲು ಮಾತನಾಡುವುದಿಲ್ಲ. ದಿನಬಳಕೆಯ ವಸ್ತುವು ಸವೆದುಹೋಗುವುದಕ್ಕಾಗಿಯೇ ಹುಟ್ಟಿದ್ದು. ಅದು ಕೆಟ್ಟುಹೋದರೆ ಯಾರೂ ಶಾಸನ ಹಾಕಿಸುವುದಿಲ್ಲ. ಇಳಿಮುಖವಾದರಂತೂ ಇಳಿದುದೇ ಯಾರಿಗೂ ತಿಳಿಯುವುದಿಲ್ಲ. ಇಂಥ ಒಂದು ವಸ್ತುವಾದ ಕಂಬಳಿಯ ವಿಷಯವಾಗಿ, ಅದರ ಹೆಸರಿನ ವಿಷಯವಾಗಿಯೂ, ನಮ್ಮ ಸೀಮೆಯನ್ನು ಮುಖ್ಯವಾಗಿಟ್ಟುಕೊಂಡು ಕೆಲವು ಮಾತುಗಳನ್ನು ಇಲ್ಲಿ ವಿಚಾರಮಾಡಲಾಗುವುದು.

ಇಂದಿನ ಪಟ್ಟಣದ ಬಾಲಕನಿಗೆ ಕಂಬಳಿ ಎಂದೊಡನೆ ನೆನಪಿಗೆ ಬರುವುದು ಕಂಬಳಿಹುಳು. ಹುಳುವಿಗೆ ಆ ಹೆಸರು ಬಂದುದು ಅದರ ರೋಮದಿಂದಲೇ ಆದರೂ, ಮುಟ್ಟಿದರೆ ತುರಿಸುವ ಗುಣವು ಈಗ ಹುಳುವಿನಿಂದ ಹಿಂದಿರುಗಿ ಕಂಬಳಿಯ ಮೇಲೆಯೇ ಆರೋಪಿತವಾಗಿದೆ. ಒರಟು, ಕರಿದು, ಚುಚ್ಚುವುದು, ಬಡವರದು, ಇದು ಇಂದಿನ ಲೋಕಪ್ರತೀತಿ. ಹೀಗಿರುವಲ್ಲಿ ಹಳೆಯ ಗ್ರಂಥಗಳಲ್ಲಿ ಕಂಬಲಶಬ್ದವು ಬಂದಾಗ ವಿದ್ಯಾರ್ಥಿಯು ಅದೇ ಅರ್ಥವನ್ನು ಕಲ್ಪಿಸಿಕೊಳ್ಳುತ್ತಾನೆ. ಉಪಾಧ್ಯಾಯರೂ ತಿದ್ದುವುದಿಲ್ಲ, ಏಕೆಂದರೆ ಶಬ್ದವು ಪರಿಚಿತವಾದುದು. ಅಪರಿಚಿತ ಶಬ್ದಕ್ಕೆ ಟೀಕೆ ಬರೆಯುವರು, ಪರಿಚಿತ ಶಬ್ದದಲ್ಲಿ ಮೋಸಹೋಗುವರು.

ಮೊದಲು ಶಬ್ದವನ್ನು ನೋಡೋಣ. ಅಥರ್ವವೇದದ ವಿವಾಹಸೂಕ್ತಗಳಲ್ಲಿ ಕಂಬಲವು ಉಕ್ತವಾಗಿದೆ. ಯಾಸ್ಕನು ನಿರುಕ್ತದ ಎರಡನೆಯ ಅಧ್ಯಾಯದಲ್ಲಿ ಕಂಬೋಜರ ಹೆಸರನ್ನು ವಿವರಿಸುತ್ತ ಪ್ರಸಂಗವಶಾತ್ ಕಂಬಲವನ್ನು ಎತ್ತಿಕೊಂಡು, ಅದು ಕಮನೀಯವಾದುದರಿಂದ ಆ ಹೆಸರೆಂದು ಹೇಳುತ್ತಾನೆ. ಈ ವ್ಯುತ್ಪತ್ತಿಯನ್ನು ಇಂದಿನ ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ. ಶಬ್ದವು ಆರ್ಯಮೂಲದ್ದೇ ಅಲ್ಲವೆಂಬ ಪಕ್ಷವೂ ಉಂಟು. ಅದು ಹೇಗೇ ಇರಲಿ, ಯಾಸ್ಕನ ಮಾತು ಶಬ್ದದ ಹುಟ್ಟಿಗೆ ಪ್ರಮಾಣವಾಗದಿದ್ದರೂ ಆ ಕಾಲದ ವಸ್ತುವಿಗೆ ಪ್ರಮಾಣವಾಗುತ್ತದೆ. ಚುಚ್ಚುವ ವಸ್ತುವನ್ನು ಕಮನೀಯವೆಂದು ಯಾರೂ ನಿರ್ವಚಿಸರು.

ಪಾಣಿನಿಯಲ್ಲಿ ಕಂಬಲವು ಮೂರು ಕಡೆ ಗಮನಾರ್ಹವಾಗಿ ಬರುತ್ತದೆ. ಐದನೆಯ ಅಧ್ಯಾಯದ ಮೊದಲ ಪಾದದಲ್ಲಿ ಕಂಬಲ್ಯವೆಂಬ ರೂಪವು ಸಂಜ್ಞೆಯಾಗಿ ಸಿದ್ಧವಾಗುತ್ತದೆ. ಅದಕ್ಕೆ ನೂರು ಪಲ ತೂಕದ ಉಣ್ಣೆಯೆಂದು ಕಾಶಿಕಾಕಾರರು ಅರ್ಥ ಹೇಳಿದ್ದಾರೆ. ಪಲವೆಂದರೆ 320 ಗುಲಗಂಜಿಯ ತೂಕವೆಂದು ಹಿಡಿದರೆ ಅದು ಹೆಚ್ಚುಕಡಮೆ 4 ಕಿಲೋಗ್ರಾಮು ಆಗುತ್ತದೆ. ಅಂದರೆ ಒಂದು ಕಂಬಲಕ್ಕೆ ಇಷ್ಟು ಉಣ್ಣೆ ಬೇಕೆಂಬ ಗಣನೆಯು ಪೇಟೆಯಲ್ಲಿ ನಿಶ್ಚಿತವಾಗಿದ್ದು, ಆ ಗಣನೆಯೇ ಒಂದು ತೂಕದ ಹೆಸರಾಯಿತು. ಎರಡನೆಯದು ಪಣ್ಯಕಂಬಲಶಬ್ದ. ಇದು ಸ್ವರಪ್ರಕರಣದಲ್ಲಿ ಬಂದಿದೆ. ಗೊತ್ತಾದ ಪ್ರಮಾಣ, ಗೊತ್ತಾದ ಬೆಲೆಗಳುಳ್ಳ ಪ್ರಸಿದ್ಧ ಕಂಬಲಕ್ಕೆ ಇದು ಸಂಜ್ಞೆಯಾದಾಗ ಪೂರ್ವಪದದ ಸ್ವರವು ಉಳಿಯುತ್ತದೆ; ಮಾರಾಟಕ್ಕಿಟ್ಟ ಯಾವುದೋ ಒಂದು ಕಂಬಲವೆಂಬ ಅರ್ಥವಾದರೆ ಉಳಿಯುವುದಿಲ್ಲ. ಪೇಟೆಯಲ್ಲಿ ನಿಂತು ಈ ಶಬ್ದವನ್ನು ಉಚ್ಚರಿಸುವವನ ಸ್ವರದಿಂದಲೇ ಸರಕಿನ ದರ್ಜೆ ತಿಳಿಯುತ್ತಿದ್ದಿತು. ಮಾರಾಟಕ್ಕಿರುವುದು ಬೇರೆ, ಹೆಸರುಳ್ಳದ್ದು ಬೇರೆ ಎಂಬ ಈ ಭೇದವನ್ನು ಜ್ಞಾಪಕದಲ್ಲಿಡಬೇಕು. ಮುಂದೆ ದಾವಣಗೆರೆಯ ವಿಷಯದಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಮೂರನೆಯದು ಪಾಂಡುಕಂಬಲದಿಂದ ಹೊದಿಸಿದ ರಥಕ್ಕೆ ಪಾಂಡುಕಂಬಲಿಯೆಂದು ಹೆಸರಾಗುವುದು. ಹರಿಹರಕ್ಕೆ ಸಮೀಪದ ಸಾರಥಿಯೆಂಬ ಗ್ರಾಮದಲ್ಲಿ ಕುಳಿತು ಇದನ್ನು ಬರೆಯುವವನಿಗೆ ಇಲ್ಲೊಂದು ನಗೆ ಬಾರದಿರದು. ಆದರೆ ರಥವೊಂದು ಸಿಕ್ಕಿತೆಂದು ಊರಿನ ಹೆಸರನ್ನು ಅದಕ್ಕೆ ಹೂಡತಕ್ಕದ್ದಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟರಷ್ಟೆ. ಅದರ ಎರಡನೆಯ ಅಧಿಕರಣದಲ್ಲಿ, ರಾಜಕೋಶಕ್ಕೆ ಸೇರತಕ್ಕ ರತ್ನ, ಚಂದನ, ಚರ್ಮಗಳ ಪರೀಕ್ಷೆಯನ್ನು ಹೇಳುವ ಅಧ್ಯಾಯದಲ್ಲಿಯೇ, ಕುರಿಯ ಉಣ್ಣೆಯ ವಸ್ತುಗಳ ಪರೀಕ್ಷೆಯೂ ಬಂದಿದೆ. ಮುತ್ತುಮಾಣಿಕ್ಯಗಳ ಪಂಕ್ತಿಯಲ್ಲಿ ಕಂಬಲ! ಉಣ್ಣೆಯ ಹತ್ತು ಬಗೆಗಳನ್ನು ಎಣಿಸುವಲ್ಲಿ ಮೊದಲ ಹೆಸರೇ ಕಂಬಲದ್ದು. ಜಾರುವ ನುಣುಪು, ತೊಯ್ದಂತೆ ತೋರುವ ಮೈ, ಎಳೆಯ ಸಣ್ಣತನ, ಮೃದುತ್ವ ಇವುಳ್ಳದ್ದು ಶ್ರೇಷ್ಠವೆಂದು ಅಲ್ಲಿನ ಲಕ್ಷಣ. ನೇಪಾಳದಿಂದ ಬರುವ, ಎಂಟು ತುಂಡುಗಳನ್ನು ಕೂಡಿಸಿ ಮಾಡಿದ, ಮಳೆಯನ್ನು ತಡೆಯುವ ಕರಿಯ ಹೊದಿಕೆಯೂ ಅಲ್ಲಿ ಉಕ್ತವಾಗಿದೆ. ತೊಯ್ದಂತೆ ತೋರುವುದೆಂಬ ಲಕ್ಷಣವು ಓದುವವರಿಗೆ ವಿಚಿತ್ರವಾಗಿ ಕಾಣಬಹುದು. ಕುರಿಯ ರೋಮದಲ್ಲಿ ಸ್ವಭಾವತಃ ಇರುವ ಜಿಡ್ಡು ಸಂಪೂರ್ಣವಾಗಿ ಹೋಗದಂತೆ ನೂತು ನೇಯ್ದ ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಅದು ವಿಚಿತ್ರವಲ್ಲ. ಆ ಜಿಡ್ಡಿನ ಹೊಳಪನ್ನೇ ಕೌಟಿಲ್ಯನು ಹೇಳಿರಬೇಕೆಂದು ನನ್ನ ಊಹೆ.

ಧರ್ಮಶಾಸ್ತ್ರದಲ್ಲಿ ಕುತಪವೆಂಬ ಕಂಬಲವಿಶೇಷಕ್ಕೆ ದೊಡ್ಡ ಮರ್ಯಾದೆ. ಶ್ರಾದ್ಧದಲ್ಲಿ ಆಸನಕ್ಕೆ ಅದನ್ನು ಕೊಡಬೇಕೆಂದೂ, ದೌಹಿತ್ರನೂ ಎಳ್ಳೂ ಅದೂ ಪವಿತ್ರವೆಂದೂ ಮನುಸ್ಮೃತಿಯ ಮತ. ಅದೇ ಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯನ್ನು ಹೇಳುವಾಗ ರೇಷ್ಮೆಗೂ ಕುರಿಯುಣ್ಣೆಗೂ ಚೌಳುಮಣ್ಣು, ಕುತಪಕ್ಕೆ ಅಂಟುವಾಳದ ಕಾಯಿ ಎಂದು ವಿಂಗಡಿಸಿದೆ. ಇದನ್ನು ಬರಿಯ ಆಚಾರವೆಂದು ಎಣಿಸಬಾರದು. ಅಂಟುವಾಳದ ನೊರೆಯು ಸೌಮ್ಯವಾದುದು. ಕೊಳೆಯನ್ನು ತೆಗೆಯುತ್ತದೆ, ಜಿಡ್ಡನ್ನು ಪೂರಾ ತೆಗೆಯುವುದಿಲ್ಲ. ತೀಕ್ಷ್ಣವಾದ ಕ್ಷಾರವು ಉಣ್ಣೆಯ ಎಳೆಯನ್ನೇ ತಿನ್ನುತ್ತದೆ. ನಮ್ಮ ಮನೆಗಳಲ್ಲಿ ಮಡಿಗೆ ಉಡುತ್ತಿದ್ದ ಧಾಬಳಿಯ ಆಯುಸ್ಸು ಅಂಟುವಾಳ ಹೋಗಿ ಸೋಡ ಬಂದ ಮೇಲೆ ಕುಗ್ಗಿದುದಕ್ಕೆ ಇದೇ ಕಾರಣ. ಧಾಬಳಿಯನ್ನು ಮಾತ್ರ ದೂರಿದರು.

ನ್ಯಾಯಪಾಠಕ್ಕೆ ಕುಳಿತವರೆಲ್ಲರೂ ನವಕಂಬಲದ ಹಾಸ್ಯವನ್ನು ಕಲಿತವರೇ. ವಾಕ್ಛಲಕ್ಕೆ ಉದಾಹರಣೆಯಾಗಿ ವಾತ್ಸ್ಯಾಯನನು ಕೊಡುವ ಪ್ರಸಂಗವದು: ಈ ಹುಡುಗನದು ನವಕಂಬಲವೆಂದು, ಅಂದರೆ ಹೊಸ ಕಂಬಲವೆಂದು, ಒಬ್ಬನು ಹೇಳಿದರೆ, ನವಶಬ್ದಕ್ಕೆ ಒಂಬತ್ತೆಂದು ಅರ್ಥಮಾಡಿ, ಇವನಿಗಿರುವುದು ಒಂದೇ, ಒಂಬತ್ತೆಲ್ಲಿ ಎಂದು ಪ್ರತಿವಾದಿಯು ಕೇಳುತ್ತಾನೆ. ಶತಮಾನಗಳಿಂದ ಇದನ್ನು ಪಾಠಮಾಡುತ್ತ ಬಂದಿದ್ದೇವೆ. ಗುರುಕುಲದ ಹುಡುಗನಿಗೆ ಹೊಸ ಕಂಬಲ ಬಂದರೆ ಅದು ನಾಲ್ಕು ಜನ ಗುರುತಿಸಿ ಆಡುವ ಮಾತಾಗಿತ್ತೆಂಬುದು ಅದರಿಂದ ಹೊರಡುತ್ತದೆ. ಅಮರಸಿಂಹನು ರಲ್ಲಕವನ್ನೂ ಕಂಬಲವನ್ನೂ ಪರ್ಯಾಯವಾಗಿ ಹೇಳಿದ್ದಾನೆ. ಗೋವಿನ ಕೊರಳ ಜೋಲುಚರ್ಮಕ್ಕೆ ಗಲಕಂಬಲವೆಂಬ ಹೆಸರನ್ನೂ ಕೊಟ್ಟಿದ್ದಾನೆ. ಗೋವಿನ ಗಂಗೆದೊಗಲನ್ನು ಮುಟ್ಟಿನೋಡಿದವರು ಆ ಉಪಮಾನದ ಮೃದುತ್ವವನ್ನು ಬಲ್ಲರು.

ಆಗಲೂ ಕೀಳು ಕಂಬಲವಿರಲಿಲ್ಲವೆಂದು ಹೇಳಲಾಗದು. ಬುದ್ಧನ ಸಮಕಾಲೀನನಾದ ಅಜಿತನು ಕೇಶಕಂಬಲವನ್ನು ಹೊದೆಯುತ್ತಿದ್ದುದರಿಂದ ಆ ಹೆಸರಿನಿಂದಲೇ ಪ್ರಸಿದ್ಧನಾದನು. ಕೂದಲಿನ ಆ ಹೊದಿಕೆಯು ಚಳಿಯಲ್ಲಿ ತಣ್ಣಗೆ, ಸೆಕೆಯಲ್ಲಿ ಬಿಸಿ, ನೇಯ್ದ ವಸ್ತ್ರಗಳಲ್ಲೆಲ್ಲ ಅಧಮವೆಂದು ಪಾಲಿಗ್ರಂಥಗಳು ನಿಂದಿಸುತ್ತವೆ. ಆದರೆ ಕೀಳನ್ನು ಕೇಶವೆಂಬ ವಿಶೇಷಣವಿಟ್ಟು ಹೇಳಿದರು. ವಿಶೇಷಣವಿಲ್ಲದ ಕಂಬಲಶಬ್ದವು ಒಳ್ಳೆಯದಕ್ಕೆ ಮೀಸಲಾಗಿದ್ದಿತು. ಇಂದು ವ್ಯವಹಾರವು ತಲೆಕೆಳಗಾಗಿದೆ. ಒಳ್ಳೆಯದಕ್ಕೆ ರತ್ನಗಂಬಳಿಯೆಂದು ವಿಶೇಷಣ ಬೇಕು, ಬರಿಯ ಕಂಬಳಿ ಕೀಳಿಗೆ. ರತ್ನಗಂಬಳಿಯಾದರೂ ಈಗ ಹೊದೆಯುವುದಲ್ಲ, ಕಾಲಕೆಳಗೆ ಹಾಸುವುದು. ಇದಕ್ಕೆ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿಯೇ ಒಂದು ಮುನ್ಸೂಚನೆಯಿದೆ: ಅರಸನೂ ಕೊಳ್ಳಲಾರದೆ ಬಿಟ್ಟ ರತ್ನಕಂಬಳವನ್ನು ಯಶೋಭದ್ರೆಯು ಕೊಂಡು ಸೊಸೆಯರ ಪಾದರಕ್ಷೆಗೆ ಬಳಸುತ್ತಾಳೆ. ಅಲ್ಲಿ ಆ ಮನೆತನದ ಐಶ್ವರ್ಯದ ಅತಿಶಯವೆಲ್ಲ ನಿಂತಿರುವುದು ಕಂಬಳದ ಬೆಲೆಯ ಮೇಲೆ. ಒರಟು ಕಂಬಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವ ವಿದ್ಯಾರ್ಥಿಗೆ, ಕಂಬಳಿಯಿಂದ ಕೆರ ಮಾಡಿಸಿದರೆ ಅದರಲ್ಲೇನು ದೊಡ್ಡಸ್ತಿಕೆ ಎಂದೇ ತೋರುತ್ತದೆ. ಕಥೆಯ ಸ್ವಾರಸ್ಯವು ಕೈತಪ್ಪುತ್ತದೆ.

ಇರಲಿ. ಗ್ರಂಥದಲ್ಲಿ ಉತ್ತಮವಾಗಿದ್ದುದು ಗಾಂಧಾರದ ಅಥವಾ ನೇಪಾಳದ ಕಂಬಲ, ನಮ್ಮ ಕುರುಬರ ಕರಿಕಂಬಳಿಗೂ ಅದಕ್ಕೂ ಏನು ಸಂಬಂಧ, ಎಂದು ಆಕ್ಷೇಪಿಸಬಹುದು. ಇದಕ್ಕೆ ದಾವಣಗೆರೆಯೇ ಉತ್ತರ. ಹೈದರಲ್ಲಿಯ ಕಾಲದಲ್ಲಿ ಈ ಊರು ಆಪೋಜಿರಾಯನೆಂಬ ಮರಾಠ ಸರದಾರನಿಗೆ ಜಹಗೀರಾಗಿ, ಅವನ ಪ್ರೋತ್ಸಾಹದಿಂದ ವರ್ತಕರು ಬಂದು ನೆಲಸಿ ಪೇಟೆ ಬೆಳೆಯಿತು. 1801ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು, 1807ರಲ್ಲಿ ಮುದ್ರಿತವಾದ ತನ್ನ ಪ್ರವಾಸಗ್ರಂಥದಲ್ಲಿ, ಇಲ್ಲಿಯ ಕಂಬಳಿನೇಯ್ಗೆಯ ಪ್ರಸ್ತಾಪವನ್ನು ಮಾಡಿದ್ದಾನೆ. ಬಿ. ಎಲ್. ರೈಸ್ ಅವರು ಬರೆದ ಮೈಸೂರು ಗ್ಯಾಸೆಟಿಯರಿನಲ್ಲಿ ದಾವಣಗೆರೆಯ ಕಂಬಳಿಗಳ ಮಾತು ಇನ್ನೂ ಸ್ಪಷ್ಟವಾಗಿದೆ: ಹಿಂದೆ 200ರಿಂದ 300 ರೂಪಾಯಿಗಳವರೆಗೆ ಬೆಲೆಬಾಳುವ ಕಂಬಳಿಗಳು ಇಲ್ಲಿ ಆಗುತ್ತಿದ್ದುವು, ಆದರೆ ಅಂಥವು ಈಗ ವಿರಳವೆಂದು ಅದರ ತಾತ್ಪರ್ಯ. ಹತ್ತೊಂಬತ್ತನೆಯ ಶತಮಾನದ 200 ರೂಪಾಯಿಯೆಂದರೆ ಹಳ್ಳಿಯ ಶಾಲೆಯ ಉಪಾಧ್ಯಾಯನ ಅನೇಕ ತಿಂಗಳುಗಳ ಸಂಬಳ. ಗಾಂಧಾರವೂ ಬೇಡ, ನೇಪಾಳವೂ ಬೇಡ. ತುಂಗಭದ್ರೆಯ ಈ ದಡದಲ್ಲಿಯೇ, ಈ ಕುರಿಯ ರೋಮದಿಂದಲೇ, ಕೌಟಿಲ್ಯನ ಲಕ್ಷಣಕ್ಕೆ ಸಲ್ಲುವ ವಸ್ತುವು ಆಗುತ್ತಿದ್ದಿತು. ಇಳಿಮುಖವು ರೈಸರ ಕಾಲಕ್ಕೇ ಪ್ರಾರಂಭವಾಗಿದ್ದಿತೆಂಬುದನ್ನೂ ಗಮನಿಸಬೇಕು. ಗಿರಣಿ ಬಂದು ಕಂಬಳಿಯನ್ನು ಕೆಡಿಸಿತೆಂದು ಹೇಳುವ ವಾಡಿಕೆ ಕಾಲಗಣನೆಗೆ ಹೊಂದುವುದಿಲ್ಲ. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ತಲೆಯೆತ್ತಿದುದು 1930ರ ದಶಕದಲ್ಲಿ.

ಒಳ್ಳೆಯ ಕಂಬಳಿಯಾಗುವುದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ಹೇಳದೆ ಅದು ಕೆಟ್ಟುದು ಹೇಗೆಂಬುದು ತಿಳಿಯದು. ಕುರಿಯ ಮೊದಲ ಉಣ್ಣೆ, ಎಂದರೆ ಮರಿಯಾಗಿದ್ದಾಗ ಪ್ರಥಮವಾಗಿ ಕತ್ತರಿಸಿದ ರೋಮವು, ಎಲ್ಲಕ್ಕಿಂತ ಸಣ್ಣ ಎಳೆಯದು, ಮೃದುವಾದುದು. ಆ ಮರಿಯ ಜೀವಮಾನದಲ್ಲಿ ಅದು ಒಮ್ಮೆ ಮಾತ್ರ ದೊರೆಯುವುದು. ಆಮೇಲೆ ವರ್ಷಕ್ಕೆ ಎರಡು ಸಲ ಕತ್ತರಿಸುವ ಉಣ್ಣೆ ಸಲಸಲಕ್ಕೂ ಒರಟಾಗುತ್ತದೆ. ಆದುದರಿಂದ ಉತ್ತಮ ಕಂಬಳಿಗೆ ಬೇಕಾದ ಮರಿಯುಣ್ಣೆಯನ್ನು ಅನೇಕ ಮರಿಗಳಿಂದ ಕೂಡಿಸಿ, ಬಣ್ಣ ನೋಡಿ, ಎಳೆ ನೋಡಿ, ಬೇರೆಯಾಗಿ ತೆಗೆದಿಡಬೇಕು. ಕಪ್ಪು ಬಣ್ಣವು ಕುರಿಯದೇ. ಹಾಕಿದ ಬಣ್ಣವಲ್ಲ, ಆದುದರಿಂದ ಬಿಡುವುದೂ ಇಲ್ಲ. ಉಣ್ಣೆಯನ್ನು ಬಿಲ್ಲಿನಿಂದ ಎಕ್ಕಿ ಹಿಂಜಿದ ಮೇಲೆ ಹೆಂಗಸರು ನೂಲುವರು. ಹಾಸಿನ ನೂಲಿಗೆ ಹುರಿ ಹೆಚ್ಚು, ಹೊಕ್ಕಿನದಕ್ಕೆ ಕಡಮೆ. ಹಾಸನ್ನು ಬಯಲಿನಲ್ಲಿ ಉದ್ದವಾಗಿ ಎಳೆದುಕಟ್ಟಿ, ಹುಣಸೆಬೀಜವನ್ನು ಹುರಿದು ಸಿಪ್ಪೆ ತೆಗೆದು ನೆನೆಸಿ ಅರೆದು ಕುದಿಸಿದ ಸರಿಯನ್ನು ಕುಂಚದಿಂದ ಬಳಿದು ಒಣಗಿಸುವರು. ರೋಮವು ಎದ್ದು ಹೊಕ್ಕಿಗೆ ತೊಡರದಂತೆ ಈ ಸರಿಯು ಎಳೆಯನ್ನು ಅಂಟಿಸಿ ಹಿಡಿಯುತ್ತದೆ. ಆಮೇಲೆ ಗುಂಡಿಯ ಮಗ್ಗದಲ್ಲಿ ನೇಯ್ಗೆ.

ಇಂಥ ಕಂಬಳಿಯ ಗುಣಕ್ಕೆ ಕಾರಣ ಮೂರು. ಉಣ್ಣೆಯ ಪ್ರತಿಯೊಂದು ಎಳೆಯ ಮೇಲೂ ಮೀನಿನ ಹುರುಪೆಯಂಥ ಸೂಕ್ಷ್ಮವಾದ ಪದರಗಳಿವೆ. ಬಳಸಿದಷ್ಟೂ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆಯ ಮೈ ಮುಚ್ಚುತ್ತದೆ. ಎಳೆಯೊಳಗೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿದರೂ ಕೈಗೆ ಒದ್ದೆಯೆನಿಸದು. ಹೊರಮೈಯ ಜಿಡ್ಡಿನಿಂದ ಮಳೆಯ ಹನಿ ಜಾರಿಹೋಗುತ್ತದೆ. ಇದಲ್ಲದೆ ಉಣ್ಣೆಯು ಬೆಂಕಿಗೆ ಬೇಗನೆ ಉರಿದೇಳುವುದಿಲ್ಲ. ಹಟ್ಟಿಯ ಮುಂದೆ ಬೆಂಕಿ ಹಾಕಿಕೊಂಡು ಅದರ ಪಕ್ಕದಲ್ಲಿ ಮಲಗುವ ಕುರಿಗಾಹಿಗೆ ಇದು ಸಣ್ಣ ಗುಣವಲ್ಲ. ಹಗಲಿನಲ್ಲಿ ಕೊಪ್ಪೆ, ರಾತ್ರಿಯಲ್ಲಿ ಹಾಸಿಗೆ ಹೊದಿಕೆ ಎರಡೂ, ಪಂಚಾಯಿತಿ ಕೂಡಿದಾಗ ಜಮಖಾನ, ದೇವರ ಕಾರ್ಯದಲ್ಲಿ ಗದ್ದಿಗೆ, ಕಾಳು ಕಟ್ಟುವುದಕ್ಕೆ ಚೀಲ, ಒಂದೇ ವಸ್ತು ಇಷ್ಟೆಲ್ಲವೂ ಆಗಿದ್ದಿತು. ಮೈಲಾರದ ಗೊರವರ ಮೈಮೇಲೆ ಅದು ದೀಕ್ಷಾವಸ್ತ್ರ. ಕುರುಬರಲ್ಲಿ ಮದುವೆಯ ಕಂಕಣವನ್ನು ಉಣ್ಣೆಯ ದಾರದಿಂದ ಕಟ್ಟತಕ್ಕವರು, ಹತ್ತಿಯ ದಾರದಿಂದ ಕಟ್ಟತಕ್ಕವರು ಎಂದು ಎರಡು ಬೆಡಗುಗಳ ಭೇದವೇ ಉಂಟು. ಉಣ್ಣೆಯ ಊರಾಗಿದ್ದುದು ಹತ್ತಿಯ ಊರಾದ ದಾವಣಗೆರೆಯ ಚರಿತ್ರೆಯನ್ನು ಈ ಎರಡು ಕಂಕಣಗಳಲ್ಲಿ ಕಟ್ಟಿಡಬಹುದು.

ಇನ್ನು ಕೆಟ್ಟ ಬಗೆ. ಮೊದಲನೆಯದಾಗಿ ಹೋದುದು ಮೇಲಿನ ದರ್ಜೆ. 200 ರೂಪಾಯಿ ಕೊಟ್ಟು ಕೊಳ್ಳತಕ್ಕವರು ಪಾಳೆಯಗಾರರು, ಸರದಾರರು, ದೊಡ್ಡ ವರ್ತಕರು ಮೊದಲಾದವರೇ ಆಗಿದ್ದಿರಬೇಕು. ಚಿತ್ರದುರ್ಗದ ಪಾಳೆಯಪಟ್ಟು 1779ರಲ್ಲಿ ಅಳಿಯಿತು. ಅನಂತರದ ಎರಡು ತಲೆಮಾರುಗಳಲ್ಲಿ ಸವಾರಿ ದಂಡುಗಳೂ ಅಳಿದುವು. ಉಳಿದ ಶ್ರೀಮಂತರು ಶಾಲು, ಬನಾತುಗಳ ಕಡೆಗೆ ತಿರುಗಿದರು. ಕೊಳ್ಳುವವನಿಲ್ಲದ ಮೇಲೆ ಮರಿಯುಣ್ಣೆಯನ್ನು ಬೇರೆಯಾಗಿ ತೆಗೆದಿಡುವವನಾರು? ಅದು ಉಳಿದ ಉಣ್ಣೆಯೊಡನೆ ಬೆರೆಯಿತು. ಹೀಗೆ ಬೆರೆತುದರಿಂದ ಸಾಮಾನ್ಯ ಕಂಬಳಿಯು ಉತ್ತಮವಾಗಲಿಲ್ಲ, ಉತ್ತಮವು ಇಲ್ಲದೆಹೋಯಿತು ಅಷ್ಟೆ. ಮೇಲಿನ ದರ್ಜೆಯು ಕಣ್ಣಮುಂದೆ ಇಲ್ಲವಾದ ಮೇಲೆ ಮಧ್ಯಮವೇ ಉತ್ತಮವೆನಿಸಿಕೊಳ್ಳುವುದು. ಪಾಣಿನಿಯ ಮಾತಿನಲ್ಲಿ ಹೇಳುವುದಾದರೆ ಪಣ್ಯಕಂಬಲವು ತನ್ನ ಸ್ವರವನ್ನು ಕಳೆದುಕೊಂಡಿತು. ಸಂಜ್ಞೆ ಹೋಗಿ ಮಾರಾಟಕ್ಕಿರುವ ಯಾವುದೋ ಒಂದು ಕಂಬಲವಾಯಿತು.

ಎರಡನೆಯದು ಸರಿಯ ದುರುಪಯೋಗ. ನೇಯ್ಗೆಗೆ ಸಹಾಯಕವಾದ ಹುಣಸೆಬೀಜದ ಸರಿಯೇ ನೇಯ್ಗೆಯ ದೋಷಕ್ಕೆ ಮುಸುಕೂ ಆಗಬಲ್ಲುದು. ವಿರಳವಾಗಿ ನೇಯ್ದ ಕಂಬಳಿಗೆ ಸರಿಯನ್ನು ದಪ್ಪವಾಗಿ ಕುಡಿಸಿದರೆ ಅದು ಬಿಗಿಯಾಗಿ, ತೂಕವಾಗಿ, ಒಳ್ಳೆಯದರಂತೆಯೇ ಕಾಣುತ್ತದೆ; ಮೊದಲ ಒಗೆತಕ್ಕೆ ಸರಿ ಹೋಗಿ ಜಾಳಾಗುತ್ತದೆ. ಸಂತೆಯಲ್ಲಿ ಕೊಳ್ಳುವವನು ಒಗೆದು ನೋಡಲಾರನು. ಹಳಬರು ಕಂಬಳಿಯನ್ನು ಬೆಳಕಿಗೆ ಹಿಡಿಯುವುದು, ಅಂಚನ್ನು ಉಜ್ಜಿ ಪುಡಿ ಉದುರುವುದೇ ಎಂದು ನೋಡುವುದು, ನೀರು ಚಿಮುಕಿಸುವುದು ಮುಂತಾದ ಪರೀಕ್ಷೆಗಳನ್ನು ಮಾಡುತ್ತಿದ್ದರು. ಪರೀಕ್ಷಿಸುವವರು ಕಡಮೆಯಾದಂತೆ ಪ್ರಾಮಾಣಿಕನಾದ ನೇಕಾರನಿಗೂ ಅಪ್ರಾಮಾಣಿಕನಿಗೂ ಒಂದೇ ಬೆಲೆಯಾಯಿತು; ಆಗ ಪ್ರಾಮಾಣಿಕನಿಗೆ ನಷ್ಟ. ನೇಕಾರನ ಕೈ ಕೆಡುವುದಕ್ಕೆ ಮೊದಲು ಕೊಳ್ಳುವವನ ಕಣ್ಣು ಕೆಟ್ಟಿರುತ್ತದೆಂದು ನನ್ನ ಅಭಿಪ್ರಾಯ. ಇದನ್ನು ಅನೇಕರು ಒಪ್ಪಲಾರರು. ಅವರು ಬಡತನವನ್ನು ಕಾರಣವಾಗಿ ಹೇಳುವರು. ಆದರೆ ಹಿಂದಿನವರೂ ಬಡವರೇ. ಹತ್ತಾರು ವರ್ಷ ಬರುವ ಒಂದನ್ನು ಕೊಳ್ಳುವ ಬಡವನೂ, ವರ್ಷಕ್ಕೊಂದರಂತೆ ಕೊಳ್ಳುವ ಬಡವನೂ ಬೇರೆ ಬೇರೆ.

ಮೂರನೆಯದು ಕುರಿಯದೇ ಕಥೆ. ಭದ್ರಾ ಜಲಾಶಯದ ಕಾಲುವೆಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಾವಣಗೆರೆ ಹರಿಹರ ಸೀಮೆಗೆ ನೀರನ್ನು ತಂದುವು. ಬೀಳು, ಹುಲ್ಲುಗಾವಲುಗಳೆಲ್ಲ ಬತ್ತದ ಗದ್ದೆಗಳಾದುವು. ಇದು ಜನಕ್ಕೆ ಅನ್ನವಾಯಿತು, ಇದನ್ನು ದೂಷಿಸತಕ್ಕದ್ದಲ್ಲ. ಆದರೆ ಕುರಿಗೆ ಮೇಯಲು ಸ್ಥಳವಿಲ್ಲವಾಯಿತು. ಉಳಿದ ಕುರಿಯನ್ನಾದರೂ ಈಗ ಸಾಕುವುದು ಮಾಂಸಕ್ಕಾಗಿ. ಬೇಗ ಬೆಳೆದು ತೂಕ ತೂಗುವ ತಳಿಗೇ ಬೆಲೆ. ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಎಸೆಯುವುದುಂಟು. ಚಳ್ಳಕೆರೆಯ ಕಡೆ ಮಗ್ಗಗಳು ಇನ್ನೂ ಇವೆ. ಪೇಟೆಯ ಅಂಗಡಿಗಳಲ್ಲಿ ಕಂಬಳಿಯೆಂದು ತೂಗುಹಾಕಿರುವುದು ಬಹುಮಟ್ಟಿಗೆ ಪಾಣಿಪತ್ತಿನ ಸರಕು, ಹಳೆಯ ಉಡುಪುಗಳನ್ನು ಹರಿದು ನೂಲಾಗಿ ಮಾಡಿ ನೇಯ್ದುದು, ಅಥವಾ ಕೃತಕ ನೂಲಿನದು. ಹರಿಹರದ ಎದುರುದಡದ ಕುಮಾರಪಟ್ಟಣದಲ್ಲಿಯೇ 1972ರಿಂದ ಮರದ ತಿರುಳಿನಿಂದ ಕೃತಕ ನೂಲಿನ ಮೂಲದ್ರವ್ಯವನ್ನು ಮಾಡುವ ಕಾರ್ಖಾನೆಯಿದೆ. ಕಂಬಳಿಯನ್ನು ಹಿಂದಕ್ಕೆ ಹಾಕಿದ ಹತ್ತಿಯ ಗಿರಣಿಗಳು ಕೂಡ ಬಹುಪಾಲು ಮುಚ್ಚಿಹೋಗಿ, ಕರ್ಣಾಟಕದ ಮ್ಯಾಂಚೆಸ್ಟರೆಂಬ ದಾವಣಗೆರೆಯ ಬಿರುದು ಕೇವಲ ಬಿರುದಾಗಿ ನಿಂತಿದೆ.

ವಸ್ತುವು ಕೆಟ್ಟ ಮೇಲೆ ಶಬ್ದವು ಕೆಡುವುದು ನಮ್ಮಲ್ಲಿ ಮಾತ್ರವಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬವನು 1813ರಲ್ಲಿ ಉಣ್ಣೆಯ ಚಿಂದಿಗಳಿಂದ ಮತ್ತೆ ನೂಲು ತೆಗೆಯುವ ಉಪಾಯವನ್ನು ಕಂಡುಹಿಡಿದನು. ಆ ಬಟ್ಟೆಗೆ ಶಾಡಿ ಎಂದು ಹೆಸರಾಯಿತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಗುತ್ತಿಗೆದಾರರು ಸೈನಿಕರಿಗೆ ಇಂಥ ಬಟ್ಟೆಯ ಉಡುಪುಗಳನ್ನು ಕೊಟ್ಟು, ಅವು ಮಳೆಗೆ ಬಿಚ್ಚಿಹೋದುವು. ಅಂದಿನಿಂದ ಶಾಡಿಯೆಂಬುದು ಇಂಗ್ಲಿಷಿನಲ್ಲಿ ಕಳಪೆಗೆಲ್ಲ ವಿಶೇಷಣವಾಯಿತು. ಅಲ್ಲಿ ಕೀಳು ವಸ್ತುವಿಗೆ ಪ್ರತ್ಯೇಕವಾದ ಹೆಸರು ಹುಟ್ಟಿ ಆ ಹೆಸರು ಕೆಟ್ಟಿತು, ಉಣ್ಣೆಯ ಹೆಸರು ಉಳಿಯಿತು. ನಮ್ಮಲ್ಲಿ ಪಾಣಿಪತ್ತಿನ ಚಿಂದಿನೂಲಿನ ಹೊದಿಕೆಗೂ ಕುರುಬನು ಕೈಯಿಂದ ನೂತು ನೇಯ್ದುದಕ್ಕೂ ಕಂಬಳಿಯೆಂಬ ಒಂದೇ ಶಬ್ದ. ಕಳಪೆಯ ಅಪಕೀರ್ತಿಯನ್ನೆಲ್ಲ ಒಳ್ಳೆಯದೂ ಹೊರಬೇಕಾಗಿದೆ.

ಕಂಬಳಿಗೆ ಈಚೆಗೆ ಇನ್ನೊಂದು ಗತಿ ಒದಗಿದೆ. ಸಭೆಗಳಲ್ಲಿ ಗಣ್ಯರ ಹೆಗಲಿಗೆ ಕಂಬಳಿಯನ್ನು ಹೊದಿಸಿ ಗೌರವಿಸುವುದು ವಾಡಿಕೆಯಾಗಿದೆ. ಇದರಿಂದ ಕುಲಕಸುಬಿಗೆ ಮರ್ಯಾದೆ ಬಂದಿತೆಂದು ಸಂತೋಷಿಸುವವರಿದ್ದಾರೆ. ಆ ಸಂತೋಷವು ಸುಳ್ಳಲ್ಲ. ಆದರೆ ಎರಡು ನಿಮಿಷ ಹೆಗಲ ಮೇಲಿದ್ದು ಮಡಿಚಿಟ್ಟುಬಿಡುವ ಕಂಬಳಿಗೆ ಮಳೆ ತಡೆಯುವ ಗುಣವೇಕೆ, ಮೃದುತ್ವವೇಕೆ? ಬಳಕೆ ತಪ್ಪಿದ ವಸ್ತುವು ಚಿಹ್ನೆಯಾಗಿ ಉಳಿಯುವುದು ವೈದಿಕಕರ್ಮಗಳಲ್ಲಿಯೂ ಕಂಡದ್ದೇ. ಅಲ್ಲಿಯೂ ಚಿಹ್ನೆಯಾದ ಮೇಲೆ ಗುಣಪರೀಕ್ಷೆ ನಿಂತುಹೋಗುತ್ತದೆ. ಕುತಪವಿಲ್ಲದಾಗ ಅದರ ಹೆಸರು ಹೇಳಿ ಯಾವುದೋ ಚಾಪೆ ಹಾಸುವವರು ನಾವೇ ಅಲ್ಲವೆ?

ಕೊನೆಗೆ ಒಂದು ಭಾಷಾವಿಷಯ. ಕಂಬಳಿಯ ಕಸುಬಿನ ಶಬ್ದಗಳನ್ನು ವಿಂಗಡಿಸಿದರೆ ಒಂದು ವಿಶೇಷವು ತೋರುತ್ತದೆ. ಉಣ್ಣೆಯು ಸಂಸ್ಕೃತದ ಊರ್ಣಾ, ಪ್ರಾಕೃತದ ಉಣ್ಣಾ ಎಂಬುದರಿಂದ ಬಂದುದು, ಕಂಬಳಿಯು ಕಂಬಲದಿಂದ. ಆದರೆ ಕುರಿ, ಎಕ್ಕು, ಹಿಂಜು, ನೂಲು, ಕದಿರು, ಹುರಿ, ಹಾಸು, ಹೊಕ್ಕು, ಮಗ್ಗ, ನೇಯ್ಗೆ, ಇವೆಲ್ಲ ದೇಶ್ಯ. ಕಸುಬು ನಮ್ಮದು, ಪೇಟೆಯಲ್ಲಿ ಕೂಗುವ ಹೆಸರು ಮಾತ್ರ ಹೊರಗಿನದು. ಹೊದಿಕೆಗೂ ಒಂದು ದೇಶ್ಯಶಬ್ದವಿದ್ದಿರಲೇಬೇಕು; ತೆಲುಗಿನಲ್ಲಿಯೂ ಗಡಿಸೀಮೆಯ ಕನ್ನಡದಲ್ಲಿಯೂ ಉಳಿದಿರುವ ಗೊಂಗಡಿಯೇ ಅದಾಗಿರಬಹುದು. ತುಳುನಾಡಿನ ಕೋಣಗಳ ಓಟದ ಕಂಬಳವು ಬೇರೆಯ ಶಬ್ದ. ಅದನ್ನು ಇಲ್ಲಿಗೆ ಎಳೆಯಬಾರದು.

ನಿಘಂಟುಗಳಲ್ಲಿ ಮೇಲಿನ ಸಾಮಾನ್ಯ ಶಬ್ದಗಳು ದೊರೆಯುತ್ತವೆ, ದರ್ಜೆಯ ಹೆಸರುಗಳು ದೊರೆಯುವುದಿಲ್ಲ. ಮರಿಯ ಮೊದಲ ಉಣ್ಣೆಗೆ, ಎರಡನೆಯ ಕತ್ತರಿಕೆಗೆ, ಕಪ್ಪಿನ ಬೇರೆ ಬೇರೆ ಛಾಯೆಗಳಿಗೆ, ಅಂಚಿನ ಬಿಳಿಯ ಪಟ್ಟೆಗೆ, ಸರಿಯ ಹದಕ್ಕೆ, ಜಾಳು ನೇಯ್ಗೆಗೆ ನೇಕಾರರ ಮನೆಮಾತಿನಲ್ಲಿ ಊರೂರಿಗೆ ಬೇರೆಯಾದ ಹೆಸರುಗಳುಂಟು. ಇವನ್ನು ಬಲ್ಲವರು ಇಂದು ಮುದುಕರು, ಮುದುಕಿಯರು. ಅದರಲ್ಲಿಯೂ ನೂಲಿನ ಶಬ್ದಗಳನ್ನು ಬಲ್ಲವರು ಮುದುಕಿಯರೇ, ಅವರನ್ನು ಕೇಳುವವರು ಇಲ್ಲ. ಚಳ್ಳಕೆರೆ, ಹಿರಿಯೂರು, ಜಗಳೂರು, ರಾಣೆಬೆನ್ನೂರು ಸೀಮೆಗಳಲ್ಲಿರುವ ಉಪಾಧ್ಯಾಯರು ಬಿಡುವಿನ ದಿನಗಳಲ್ಲಿ ಮಗ್ಗದ ಮನೆಗೆ ಹೋಗಿ, ವಸ್ತುವನ್ನು ಕೈಯಲ್ಲಿ ಹಿಡಿದು, ಅದರ ಹೆಸರನ್ನು ಕೇಳಿ, ಉಚ್ಚಾರಣೆಯನ್ನು ಹಾಗೆಯೇ ಬರೆದುಕೊಳ್ಳಬೇಕೆಂದು ಪ್ರಾರ್ಥನೆ. ಕೇಳುವಾಗ ಒಳ್ಳೆಯ ಕಂಬಳಿಗೆ ಏನನ್ನುವಿರಿ ಎಂದು ಮಾತ್ರ ಕೇಳದೆ, ಕೆಟ್ಟದ್ದಕ್ಕೆ ಏನನ್ನುವಿರಿ ಎಂದೂ ಕೇಳತಕ್ಕದ್ದು. ಬೈಗುಳದ ಹೆಸರುಗಳಲ್ಲಿ ಪರೀಕ್ಷೆಯ ಕ್ರಮವು ಹೆಚ್ಚು ಸ್ಪಷ್ಟವಾಗಿ ಉಳಿದಿರುತ್ತದೆ.